ಕಬ್ಬಿಣಕ್ಕಿಂತ ಭಾರ
1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ, 60 ಕೆಜಿ ವಿಭಾಗದ ನಯೀಮ್ ಸುಲೇಮಾನೊಗ್ಲು ತಲೆ ಮೇಲೆ ಎತ್ತಿದ್ದು 190 ಕೆಜಿ! ಹುಟ್ಟಿದ್ದು ಬಲ್ಗೇರಿಯಾದಲ್ಲಿ, ತುರ್ಕಿ ಅಲ್ಪಸಂಖ್ಯಾತರ ಮನೆಯಲ್ಲಿ. ಅಲ್ಲಿನ ಸರ್ಕಾರ ಆ ಜನರ ಹೆಸರುಗಳನ್ನೇ ಬಲವಂತವಾಗಿ ಬದಲಿಸಿತು. ಇವನು ನೌಮ್ ಶಲಮಾನೊವ್ ಆದ. 1986ರಲ್ಲಿ ಸ್ಪರ್ಧೆಗೆಂದು ಮೆಲ್ಬರ್ನ್‌ಗೆ ಹೋದವನು ತಪ್ಪಿಸಿಕೊಂಡು ತುರ್ಕಿ ಸೇರಿದ.

ಅನ್ನ ಹಾಕಿ, ತರಬೇತಿ ಕೊಟ್ಟ ದೇಶಕ್ಕೆ ದ್ರೋಹ ಮಾಡಿದನಾ? ಋಣ ಇತ್ತು, ನಿಜ. ಆದ್ರೆ ಅಪ್ಪ ಅಮ್ಮ ಇಟ್ಟ ಹೆಸರು ಕಿತ್ತುಕೊಂಡ ದಿನವೇ ಅದು ಚುಕ್ತಾ ಆಯ್ತು ಅಂತ ನನ್ನ ಲೆಕ್ಕ.

ನನಗೆ ಕಸಿವಿಸಿ ಆಗೋದು ಆಮೇಲಿನ ವ್ಯಾಪಾರ. ಅವನು ಸಿಯೋಲ್‌ನಲ್ಲಿ ಸ್ಪರ್ಧಿಸೋಕೆ ಬಲ್ಗೇರಿಯಾದ ಒಪ್ಪಿಗೆ ಬೇಕಿತ್ತು. ತುರ್ಕಿ ಸಂತೆಯಲ್ಲಿ ಎತ್ತು ಕೊಂಡ ಹಾಗೆ ದುಡ್ಡು ಎಣಿಸಿತು. ಭಾರ ಎತ್ತಲಾರದ ತುರ್ಕರಿಗಾಗಿ ಯಾರೂ ಎಣಿಸಲಿಲ್ಲ. 1989ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಹೊತ್ತು ಗಡಿ ದಾಟಿದರು.