ಟೊಳ್ಳು, ಗಟ್ಟಿ ಮತ್ತು ಹೊಂದಾಣಿಕೆ

ನಮ್ಮ ಭಾಷೆ ಗಟ್ಟಿಯ ಪಕ್ಷಪಾತಿ. ಗಟ್ಟಿ ಕಾಳು, ಗಟ್ಟಿ ಕುಳ, ಗಟ್ಟಿ ಮನಸ್ಸು ಇವೆಲ್ಲ ಹೊಗಳಿಕೆಯ ಮಾತುಗಳು. ಟೊಳ್ಳು, ಪೊಳ್ಳು, ಜೊಳ್ಳು, ಬೆಂಡು ಇವು ತೆಗಳಿಕೆಗೆ ಮೀಸಲು. ಕಾಳು ತೂರಿ ಜೊಳ್ಳನ್ನು ಗಾಳಿಗೆ ಬಿಡುವ ಒಕ್ಕಲುಮಕ್ಕಳ ನುಡಿ ಹೀಗಿರುವುದು ಸಹಜವೇ. ಆದರೂ ಬಬಲೇಶ್ವರದ ಕಡೆಯ ಎರೆಹೊಲದಲ್ಲಿ ನಿಂತು ನೋಡಿದವರು ಈ ತೀರ್ಪನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಹಿಂಗಾರಿ ಜೋಳ ನಿಲ್ಲುವುದು ಮಣ್ಣಿನ ಸಾರದಿಂದ ಎಷ್ಟೋ, ಮಣ್ಣಿನ ಕಣಗಳ ನಡುವಣ ತೆರಪಿನಿಂದಲೂ ಅಷ್ಟೇ. ಆ ತೆರಪಿನಲ್ಲಿಯೇ ನೀರು ನಿಲ್ಲಬೇಕು, ಬೇರು ಉಸಿರಾಡಬೇಕು. ಬಂಡಿಯ ಗಾಲಿ ತುಳಿದು ಗಟ್ಟಿಮಾಡಿದ ಹಾದಿಯದೂ ಅದೇ ಮಣ್ಣು. ಅಲ್ಲಿ ಮಾತ್ರ ಏನೂ ಹುಟ್ಟದು.

ಈ ವಿಚಾರ ತಲೆಗೆ ಬಂದದ್ದು ಸಿಲಿಕೋನ್ ಎಂಬ ವಸ್ತುವಿನ ಬಗೆಗೆ ಓದುತ್ತಿದ್ದಾಗ. ಕುಲ ನೋಡಿದರೆ ಅದು ಕಲ್ಲಿನದು. ಮರಳಿನಲ್ಲಿ, ಬೆಣಚುಕಲ್ಲಿನಲ್ಲಿ, ನಮ್ಮ ಎರೆಮಣ್ಣಿನಲ್ಲಿಯೂ ಇರುವ ಸಿಲಿಕಾನ್ ಎಂಬ ಧಾತುವನ್ನು ಆಮ್ಲಜನಕದೊಡನೆ ಸರಪಳಿಯಾಗಿ ಹೆಣೆದರೆ ರಬ್ಬರಿನಂಥ ಪದಾರ್ಥವಾಗುತ್ತದೆ. ಮಗುವಿನ ಹಾಲಿನ ಬಾಟಲಿಯ ನಿಪ್ಪಲ್ ಇಂದು ಸಾಮಾನ್ಯವಾಗಿ ಇದರದೇ. ಇನ್ನೂ ಮೆತ್ತಗೆ ಬೇಕಾದರೆ ಅದರೊಳಗೆ ರಂಧ್ರಗಳನ್ನು ಮಾಡುತ್ತಾರೆ. ಮಾಡುವ ಬಗೆಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಸಕ್ಕರೆಯ ಹರಳುಗಳ ನಡುವೆ ದ್ರವರೂಪದ ಸಿಲಿಕೋನನ್ನು ಇಳಿಸಿ, ಅದು ಬಿಗಿದ ಮೇಲೆ ಬಿಸಿನೀರಿನಲ್ಲಿ ಇಡುವುದು. ಸಕ್ಕರೆ ಕರಗಿ ಹೋಗುತ್ತದೆ. ಸಕ್ಕರೆ ಇದ್ದ ಜಾಗ ಉಳಿಯುತ್ತದೆ. ಹರಳುಗಳು ಒಂದನ್ನೊಂದು ತಾಗಿಕೊಂಡಿರಬೇಕು ಎಂಬುದೊಂದು ಕಟ್ಟಳೆ. ಒಂಟಿಯಾಗಿ ಉಳಿದ ಹರಳಿಗೆ ನೀರು ತಲುಪದೆ ಅದು ಒಳಗೇ ಸಿಕ್ಕಿಬೀಳುತ್ತದೆ.

ಹರಳನ್ನು ಹೆಚ್ಚಿಸಿ, ಕಡಮೆ ಮಾಡಿ, ಮೆದುತನವನ್ನು ಬೇಕಾದಂತೆ ಹೊಂದಿಸಬಹುದು. ಗಿಬ್ಸನ್ ಮತ್ತು ಆಶ್ಬಿ ಎಂಬ ವಿಜ್ಞಾನಿಗಳು ಇಂಥ ರಂಧ್ರಮಯ ವಸ್ತುಗಳ ಬಗೆಗೆ 1988ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅವರ ಲೆಕ್ಕದಂತೆ, ತೆರೆದ ರಂಧ್ರಗಳ ಹಗುರ ಫೋಮಿನ ಸಾಂದ್ರತೆ ಅರ್ಧಕ್ಕಿಳಿದರೆ ಅದರ ಬಿಗುವು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಪದಾರ್ಥ ಬದಲಾಗಲಿಲ್ಲ, ಅದರೊಳಗಿನ ಬರಿದು ಬದಲಾಯಿತು, ಅಷ್ಟೆ. ಇನ್ನೊಂದು ಸಂಗತಿ. ಫೋಮನ್ನು ಒತ್ತುತ್ತ ಹೋದರೆ ಮೊದಲು ತುಸು ಎದುರಿಸುತ್ತದೆ. ಆಮೇಲೆ ಬಹಳ ದೂರ ಬಗ್ಗುತ್ತ ಹೋಗುತ್ತದೆ. ರಂಧ್ರಗಳೆಲ್ಲ ಮುಚ್ಚಿಕೊಂಡ ಮೇಲೆ ಒಮ್ಮೆಲೇ ಕಲ್ಲಾಗುತ್ತದೆ. ಸಾಧು ಮನುಷ್ಯನ ಸಿಟ್ಟನ್ನು ಕಂಡವರಿಗೆ ಇದು ಹೊಸ ಸುದ್ದಿಯಲ್ಲ.

ಬಗ್ಗುವುದು ಗುಣವೋ ದೌರ್ಬಲ್ಯವೋ? ನಮ್ಮ ಸಮಾಜ ಇದಕ್ಕೆ ಎರಡು ಉತ್ತರಗಳನ್ನು ಇಟ್ಟುಕೊಂಡಿದೆ. ಗಂಡಸಿಗೆ, ಯಜಮಾನನಿಗೆ, ಸಾಹೇಬನಿಗೆ ಗಟ್ಟಿತನ ಭೂಷಣ. ಸೊಸೆಗೆ, ಕೂಲಿಯವನಿಗೆ, ಕಾರಕೂನನಿಗೆ ಮೆದುತನ ಭೂಷಣ. ಗಂಡನ ಮನೆಗೆ ಹೊರಟ ಹುಡುಗಿಗೆ ‘ಹೊಂದಿಕೊಂಡು ಹೋಗವ್ವಾ’ ಎನ್ನದ ಹಿರಿಯರುಂಟೆ? ಆ ಮಾತಿನಲ್ಲಿ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಆದರೆ ಹೊಂದಿಕೊಳ್ಳುವುದೂ ನಲುಗುವುದೂ ಒಂದೇ ಅಲ್ಲ. ಒತ್ತಿದಾಗ ಹಸಿಮಣ್ಣೂ ಬಗ್ಗುತ್ತದೆ, ಫೋಮೂ ಬಗ್ಗುತ್ತದೆ. ಕೈ ತೆಗೆದಾಗ ಮಣ್ಣಿನಲ್ಲಿ ಬೆರಳಿನ ಗುರುತು ಉಳಿಯುತ್ತದೆ. ಇಷ್ಟಾಗಿ ಫೋಮಿಗೂ ಒಂದು ಮಿತಿಯುಂಟು. ವರ್ಷಗಟ್ಟಲೆ ಒಂದೇ ಕಡೆ ಭಾರ ಹೊತ್ತ ಹಾಸಿಗೆಯಲ್ಲಿ ತಗ್ಗು ಬಿದ್ದುದನ್ನು ಯಾರು ನೋಡಿಲ್ಲ? ಸಿಲಿಕೋನ್ ಈ ವಿಷಯದಲ್ಲಿ ಬೇರೆ ಹಲವು ಫೋಮುಗಳಿಗಿಂತ ಮೇಲು ಎನ್ನುತ್ತಾರೆ. ಮೇಲೇ ಇರಬಹುದು, ಅಮರವಂತೂ ಅಲ್ಲ. ಮೆದುವಾದದ್ದನ್ನು ಪರೀಕ್ಷಿಸಬೇಕಾದರೆ ಭಾರ ಇಳಿಸಿ ನೋಡಬೇಕು. ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ ಆ ಭಾರ ಇಳಿಯುವ ಗಳಿಗೆಯೇ ಬಾರದಿದ್ದರೆ, ‘ಅವಳು ಬಹಳ ಹೊಂದಿಕೊಂಡಿದ್ದಾಳೆ’ ಎಂಬ ಪ್ರಶಂಸಾಪತ್ರಕ್ಕೆ ಏನು ಬೆಲೆ?

ಭಾರ ಹಾಕುವವನು ದುಷ್ಟನೇ ಆಗಿರಬೇಕೆಂದಿಲ್ಲ. ಅವನಿಗೆ ತಿಳಿಯದೆಯೂ ಇರಬಹುದು. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಪಾದದ ಹುಣ್ಣುಗಳನ್ನು ಪರಿಶೀಲಿಸಿ ಕಂಡುಕೊಂಡದ್ದು ಇಂಥದೇ ಮಾತು: ಮಾಂಸವನ್ನು ತಿನ್ನುತ್ತಿದ್ದುದು ರೋಗವಲ್ಲ, ನೋವು ಕಾಣದ ಪಾದ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಊರುತ್ತಿದ್ದುದು. ನಮಗಾದರೋ ಕಾಲು ನೊಂದೊಡನೆ ಗೊತ್ತಿಲ್ಲದೆಯೇ ಭಾರವನ್ನು ಬದಲಿಸುತ್ತೇವೆ. ಅಂಥ ರೋಗಿಗಳಿಗಾಗಿ ಸಣ್ಣ ಸಣ್ಣ ರಂಧ್ರಗಳ ರಬ್ಬರಿನ ಚಪ್ಪಲಿಗಳು ಬಂದವು. ನೋವು ಮಾಡಬೇಕಾದ ಕೆಲಸದ ಒಂದಿಷ್ಟು ಪಾಲನ್ನು ರಂಧ್ರಗಳು ವಹಿಸಿಕೊಂಡವು.

ಇಂದು ಆ ಪಾದ ಹೆಚ್ಚಾಗಿ ಸಕ್ಕರೆ ಕಾಯಿಲೆಯವರದು. ನಮ್ಮ ಬಿಜಾಪುರದ ಓಣಿಗಳಲ್ಲಿಯೂ ಅಂಥವರು ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕರ್ನಾಟಕ ಎಂಡೋಕ್ರೈನಾಲಜಿ ಸಂಸ್ಥೆಯೊಡನೆ ಸೇರಿ ಅವರಿಗಾಗಿ ಒಂದು ಚಪ್ಪಲಿಯನ್ನು ರೂಪಿಸಿದ ಸುದ್ದಿ 2022ರಲ್ಲಿ ಬಂತು. ಫೋಮಿನ ಬದಲು ಅದರ ಅಟ್ಟೆಯಲ್ಲಿ ಪುಟ್ಟ ಕಮಾನುಗಳಿವೆ. ಒತ್ತಡ ಗೊತ್ತುಪಡಿಸಿದ ಮಿತಿಯನ್ನು ಮೀರಿದರೆ ಕಮಾನು ಟಕ್ಕನೆ ಕೆಳಕ್ಕೆ ಬಗ್ಗಿ, ಆ ಜಾಗದ ಭಾರವನ್ನು ಅಕ್ಕಪಕ್ಕಕ್ಕೆ ಹಂಚುತ್ತದೆ. ಆ ಮಿತಿ ಎಲ್ಲರಿಗೂ ಒಂದೇ ಅಲ್ಲ. ಅವರವರ ತೂಕ, ಪಾದದ ಅಳತೆ, ನಡಿಗೆಯ ವೇಗ ನೋಡಿ ನಿಗದಿಮಾಡಬೇಕು. ಹೆಜ್ಜೆ ಎತ್ತಿದೊಡನೆ ಕಮಾನು ಮತ್ತೆ ಮೊದಲಿನಂತೆ ನಿಲ್ಲುತ್ತದೆ. ಎತ್ತದೆ ನಿಂತೇ ಇದ್ದರೆ ಅದೂ ಬಗ್ಗಿಯೇ ಇರುತ್ತದೆ.