ಬಣ್ಣದ ಮೊಟ್ಟೆಯೂ ಹುಂಜಮರಿಯ ಪಾಲೂ

ಕೋಳಿಮೊಟ್ಟೆಯೆಂದರೆ ಬಿಳಿದು ಇಲ್ಲವೆ ಕಂದು ಎಂದೇ ನಾವು ಎಣಿಸುವೆವು. ಆದರೆ ದಕ್ಷಿಣ ಅಮೇರಿಕದ ಚಿಲಿ ದೇಶದಲ್ಲಿ ಮಾಪುಚೆ ಎಂಬ ಜನರು ಸಾಕುತ್ತಾ ಬಂದ ಕೋಳಿಗಳಲ್ಲಿ ನೀಲಿ ಮೊಟ್ಟೆಯನ್ನಿಡುವವುಗಳುಂಟು. ಆ ನೀಲಿಯು ಚಿಪ್ಪಿನ ಒಳಗೂ ಹೊರಗೂ ವ್ಯಾಪಿಸಿರುವದು; ಕಂದು ಬಣ್ಣವಾದರೋ ಹೊರಮೈಗೆ ಬಳಿದ ಲೇಪದಂತಿರುವದು. ಆದಕಾರಣ ಶುದ್ಧವಾದ ನೀಲಿ ಮೊಟ್ಟೆಯ ಕುಲವನ್ನು ಫ್ರಾನ್ಸಿನ ಮರಾನ್ ಎಂಬ ಕಡುಗಂದು ಮೊಟ್ಟೆಯ ಕುಲದೊಂದಿಗೆ ಕೂಡಿಸಿದರೆ ಹುಟ್ಟುವ ಹೇಂಟೆಗಳು ಹಸುರು ಮೊಟ್ಟೆಯನ್ನಿಡುವವು. ಹೀಗೆ ಒಂದೇ ಬುಟ್ಟಿಯಲ್ಲಿ ನಾಲ್ಕು ಬಣ್ಣ ಕೂಡಿಸಬೇಕೆಂದು ಅನೇಕರು ಮರಿಮಾಡಿಸುತ್ತಾರೆ. ಒಡೆದರೆ ಒಳಗಿರುವ ಬಿಳಿಯೂ ಹಳದಿಯೂ ಒಂದೇ. ಬಣ್ಣದಿಂದ ರುಚಿ ಹೆಚ್ಚುವದಿಲ್ಲ. ಈ ಶ್ರಮವೆಲ್ಲಾ ಕಣ್ಣಿನ ಸಂತೋಷಕ್ಕಾಗಿ. ಅದರಲ್ಲಿ ನನಗೆ ತಪ್ಪು ಕಾಣುವದಿಲ್ಲ. ಅಂಗಳದಲ್ಲಿ ಹೂವಿನ ಗಿಡ ನೆಟ್ಟವನನ್ನು ಯಾರು ಬೈದಾರು?

ಆದರೆ ಗಿಡಕ್ಕೂ ಕೋಳಿಗೂ ಭೇದವುಂಟು. 21 ದಿವಸಗಳ ಕಾವಿನ ತರುವಾಯ ಹೊರಡುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ. ಅವು ಯಾವ ಬಣ್ಣದ ಮೊಟ್ಟೆಯನ್ನೂ ಇಡವು. ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು, ಉಳಿದವುಗಳ ಗತಿಯೇನು?

ಮೊಟ್ಟೆಕೋಳಿಗಳ ಮರಿಮಾಡುವ ದೊಡ್ಡ ಕೇಂದ್ರಗಳಲ್ಲಿ ಅವನ್ನು ಹುಟ್ಟಿದ ದಿನವೇ ಕೊಲ್ಲುವ ರೂಢಿಯು ಅನೇಕ ದೇಶಗಳಲ್ಲಿರುವದು. ಜರ್ಮನಿಯವರು 2022ನೇ ಇಸವಿಯ ಆರಂಭದಿಂದ ಇದನ್ನು ಕಾನೂನಿನ ಮೂಲಕ ನಿಷೇಧಿಸಿದರು. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಪನ್ನೆಟ್ ಎಂಬ ಪಂಡಿತನು ತನ್ನ ಜೊತೆಗಾರನೊಂದಿಗೆ ಲೆಗ್‌ಬಾರ್ ಎಂಬ ಕುಲವನ್ನು ಬೆಳಿಸಿದನು. ಅದರ ಮರಿಗಳ ತುಪ್ಪಟವನ್ನು ನೋಡಿದೊಡನೆ ಗಂಡು ಹೆಣ್ಣು ತಿಳಿಯುವದು. ಜಾಣತನವೇ ಸರಿ. ಆದರೆ ಇದರಿಂದ ಗುರುತು ಸುಲಭವಾಯಿತೇ ಹೊರತು ಗುರುತಿಸಿದ ಮೇಲೆ ಏನು ಮಾಡತಕ್ಕದ್ದೆಂಬ ಪ್ರಶ್ನೆಯು ತೀರಲಿಲ್ಲ.

“ನಾನು ಹೇಂಟೆಮರಿಗಳನ್ನೇ ಕ್ರಯಕ್ಕೆ ತರುವೆನು, ನನಗೇಕೆ ಈ ಚಿಂತೆ?” ಎಂದು ಒಬ್ಬನು ಅನ್ನಬಹುದು. ಆ ಹೇಂಟೆಗಳ ಸಂಗಡ ಹುಟ್ಟಿದ ಹುಂಜಗಳು ಮತ್ತೊಬ್ಬನ ಮನೆಯಲ್ಲಿವೆ, ಅಥವಾ ಎಲ್ಲಿಯೂ ಇಲ್ಲ; ಇಷ್ಟೇ ವ್ಯತ್ಯಾಸ. “ಬೆಳಿಸಿ ತಿನ್ನುವವನೂ ಕೊಲ್ಲುವದಿಲ್ಲವೋ?” ಎಂದು ಬೇರೊಬ್ಬನು ಕೇಳುವನು. ಕೊಲ್ಲುವನು, ನಿಜ. ಆದರೂ ಆ ಹುಂಜವು ಕೆಲವು ತಿಂಗಳಾದರೂ ಬಿಸಿಲು ಕಂಡಿತು, ಮಣ್ಣು ಕೆದರಿತು, ಬೇಲಿಯ ಮೇಲೆ ಹತ್ತಿ ಕೂಗಿತು. ಒಂದು ದಿನವೂ ಬದುಕಗೊಡದೆ ಹೊಟ್ಟಿನಂತೆ ತೂರಿಬಿಡುವದಕ್ಕೂ ಇದಕ್ಕೂ ಬಹಳ ಅಂತರವಿರುವದೆಂದು ನಾನು ಎಣಿಸುತ್ತೇನೆ. ಯಾಕಂದರೆ ಮರಿಯನ್ನು ಬಯಸಿದವರು ನಾವು. ಹುಟ್ಟಿಸೆಂದು ಅದು ನಮ್ಮನ್ನು ಕೇಳಲಿಲ್ಲ.

ಆದದರಿಂದ ಹನ್ನೆರಡು ಮೊಟ್ಟೆಗಳನ್ನು ಕಾವಿಗಿಡುವವನು ಆರು ಹುಂಜಗಳ ಕಾಳನ್ನೂ ಮೊದಲೇ ಅಳೆದುಕೊಳ್ಳಲಿ. ಅಷ್ಟು ಕಾಳು ಮನೆಯಲ್ಲಿಲ್ಲದಿದ್ದರೆ ಆರೇ ಮೊಟ್ಟೆಗಳನ್ನಿಡಲಿ. ಹಸುರು ಮೊಟ್ಟೆಯು ಬರುವ ವರುಷ ಬುಟ್ಟಿಗೆ ಬಂದರೂ ಆದೀತು.