ಯಜಮಾನನಿಗೆ ಬದಲಿ ಉಂಟೆ?

ಸೋಮಲತೆ ಸಿಗದಿದ್ದರೆ ಪೂತೀಕ ಹಿಂಡಿ ಯಾಗ ಮುಗಿಸಬಹುದು. ವೇದದ ಕರ್ಮವಿಧಿಗಳನ್ನು ವಿಚಾರಿಸುವ ಮೀಮಾಂಸಕರು ‘ಪ್ರತಿನಿಧಿ’ ಎನ್ನುವುದು ಇಂಥ ಬದಲಿ ಸಾಮಾನಿಗೆ. ಆದರೆ ಯಾಗ ಮಾಡಿಸುವ ಯಜಮಾನನಿಗೇ ಬದಲಿ ತರಬಹುದೆ? ಕೂಡದು ಎನ್ನುತ್ತಾನೆ ಜೈಮಿನಿ, ತನ್ನ ಮೀಮಾಂಸಾ ಸೂತ್ರಗಳ 6ನೇ ಅಧ್ಯಾಯದಲ್ಲಿ. ಒಂದು ವಿನಾಯಿತಿ ಮಾತ್ರ ಉಂಟು: ಹಲವರು ಕೂಡಿ ಮಾಡುವ ಸತ್ರದ ನಡುವೆ ಒಬ್ಬ ತೀರಿಕೊಂಡರೆ ಆ ಜಾಗಕ್ಕೆ ಇನ್ನೊಬ್ಬನನ್ನು ಕೂರಿಸಬಹುದು. ಹಾಗೆ ಬಂದವನು ಯಜಮಾನನಾಗುತ್ತಾನೋ? ಇಲ್ಲ, ಅವನು ಬರೀ ಕರ್ಮಕರ, ಅಂದರೆ ಕೂಲಿಯಾಳು. ಯಾಗದ ಫಲ ಅವನದಲ್ಲ.

ಹೋರಾಟದ ಯಜಮಾನರು ಕಾರ್ಮಿಕರೇ; ಅವರ ಪ್ರತಿನಿಧಿಗಳಾಗಿ ಕೂತ ನಾಯಕರಿಗೆ ಯಾರಾದರೂ ಇದನ್ನು ಓದಿ ಹೇಳಬೇಕು.

2015ರ ಸೆಪ್ಟೆಂಬರಿನಲ್ಲಿ ಕೇರಳದ ಮುನ್ನಾರಿನ ಟೀ ಎಸ್ಟೇಟುಗಳ ಹೆಂಗಸರು ಬೀದಿಗಿಳಿದರು. ದಿನಕ್ಕೆ ಕನಿಷ್ಠ 21 ಕಿಲೋ ಎಲೆ ಕಿತ್ತರೆ 232 ರೂಪಾಯಿ ಕೂಲಿ. ಆ ವರ್ಷ ಕಂಪನಿ ಬೋನಸ್ಸನ್ನು ಶೇ. 10ಕ್ಕೆ ಇಳಿಸಿತ್ತು. ಕಾರ್ಮಿಕ ಸಂಘಗಳಿಗೇನೂ ಬರವಿರಲಿಲ್ಲ, ಸಿಐಟಿಯು, ಎಐಟಿಯುಸಿ, ಐಎನ್‌ಟಿಯುಸಿ ಮೂರೂ ಇದ್ದವು. ಸಿಟ್ಟು ಕಂಪನಿಯ ಮೇಲೆ ಎಷ್ಟಿತ್ತೋ ನಾಯಕರ ಮೇಲೂ ಅಷ್ಟೇ ಇತ್ತು. ಬುಟ್ಟಿ ಹೊರಲು ಹೆಂಗಸರು, ಮಾತುಕತೆಗೆ ಕೂರಲು ಗಂಡಸರು; ಅವರೂ ಆಡಳಿತದ ಜೊತೆ ಶಾಮೀಲು ಎಂಬುದು ಹೆಂಗಸರ ದೂರು. ಸಮಾಧಾನ ಹೇಳಲು ಬಂದ ಮುಖಂಡರನ್ನು ಬೈದು ಅಟ್ಟಿದರು. 91 ವರ್ಷದ ಹಿರಿಯ ಕಮ್ಯುನಿಸ್ಟ್ ನಾಯಕ ವಿ.ಎಸ್. ಅಚ್ಯುತಾನಂದನ್ ಬಂದಾಗ ಮಾತ್ರ ತಮ್ಮ ನಡುವೆ ಕೂರಿಸಿಕೊಂಡರು. ಒಂಬತ್ತು ದಿನಕ್ಕೆ ಬೋನಸ್ಸು, ಎಕ್ಸ್‌ಗ್ರೇಷಿಯಾ ಸೇರಿ ಶೇ. 20 ದಕ್ಕಿತು. ಈ ಕೂಟಕ್ಕೆ ‘ಪೊಂಬಿಳೈ ಒರುಮೈ’, ಅಂದರೆ ಹೆಂಗಸರ ಒಗ್ಗಟ್ಟು, ಎಂಬ ಹೆಸರು ಬಿತ್ತು.

ಹಾಗಾದರೆ ನಾಯಕ ಪ್ರಾಮಾಣಿಕನಾಗಿದ್ದರೆ ಸಾಕೆ? 1918ರಲ್ಲಿ ಕೂಲಿಯ ಜಗಳದಲ್ಲಿ ಅಹಮದಾಬಾದಿನ ಗಿರಣಿಗಳು ಮುಚ್ಚಿ ಮೂರು ವಾರವಾದಾಗ ಕಾರ್ಮಿಕರು ತಮ್ಮನ್ನು ಮುನ್ನಡೆಸುತ್ತಿದ್ದವರ ಬಗ್ಗೆಯೇ ಗೊಣಗತೊಡಗಿದರು: ಗಾಂಧಿಗೆ, ಅನಸೂಯಾ ಬೆನ್‌ಗೆ ಏನು, ಕಾರಿನಲ್ಲಿ ಓಡಾಡುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ. ಮಾತು ಗಾಂಧಿಗೆ ನಾಟಿತು. ಮಾರ್ಚ್ 15ರಂದು ಉಪವಾಸ ಕೂತರು; ಮೂರು ದಿನಕ್ಕೆ ಒಪ್ಪಂದವಾಯಿತು. ಬದಲಿಯಾಳು ಯಜಮಾನನ ಹಸಿವಿಗೂ ಪಾಲುದಾರನಾಗಹೊರಟ ಗಳಿಗೆ ಅದು. ಆದರೂ ಗಾಂಧಿಯ ಹಸಿವು ವ್ರತ, ಮಗ್ಗದವನ ಹಸಿವು ಕೂಲಿಯಿಲ್ಲದ್ದು. ಗಿರಣಿ ಮಾಲೀಕರು ತಮಗೆ ಆಪ್ತರಾದ್ದರಿಂದ ಆ ಉಪವಾಸ ಅವರ ಮೇಲೆ ಒತ್ತಡ ಹೇರಿತು, ಅದು ದೋಷವೇ ಎಂದು ಆತ್ಮಕಥೆಯಲ್ಲಿ ಗಾಂಧಿಯೇ ಒಪ್ಪಿಕೊಂಡಿದ್ದಾರೆ.

ಮುನ್ನಾರಿನ ಹೆಂಗಸರು ಬದಲಿಯೇ ಬೇಡವೆಂದವರು. ಅದೇ ವರ್ಷ ಪಂಚಾಯಿತಿ ಚುನಾವಣೆ ಬಂತು, ಅವರಲ್ಲೇ ಕೆಲವರು ನಿಂತು ಗೆದ್ದರು. ಆಮೇಲೆ ಆ ನಾಯಕಿಯರ ನಡುವೆಯೂ ಒಡಕು ಬಂತು.